ಶಾಲೆಗೆ ಮುನ್ನ ಮನೆಯಲ್ಲಿ

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಮಹಿಷಮರ್ದಿನಿಯ ದೇವಾಲಯದಿಂದ ಹೆಸರಾದ ಊರು ಕಡಿಯಾಳಿ. ನನ್ನ ಮಗಳ ಮನೆ ಅಲ್ಲಿದೆ. ಕಳೆದ ಮಳೆಗಾಲದಲ್ಲಿ ಕೆಲವು ದಿನ ಅಲ್ಲಿ ತಂಗಿದ್ದಾಗ ಒಂದು ದೃಶ್ಯ ನನ್ನನ್ನು ಚಿಂತೆಗೆ ಹಚ್ಚಿತು. ನಾಲ್ಕೂವರೆ ವರ್ಷದ ಮೊಮ್ಮಗಳನ್ನು ಕೂರಿಸಿಕೊಂಡು ಅಳಿಯಂದಿರು ಒಂದರಿಂದ ನೂರರವರೆಗೆ ಬರೆಯಿಸುತ್ತಿದ್ದರು. ಅರವತ್ತೊಂಬತ್ತರ ಮುಂದೇನೆಂದು ತೋಚದೆ ಮಗು ಬಿಕ್ಕುತ್ತಿತ್ತು. “ಈಗ ರೂಢಿ ಆಗದಿದ್ರ ಸಾಲ್ಯಾಗ ಹಿಂದ ಬೀಳ್ತಾಳ್ರಿ, ಮಾವಾರ” ಎಂದರು.

ತಂದೆಯ ಆತಂಕ ಸಹಜವಾದುದು. ಆದರೆ ಬೆರಳಿಗೆ ಬಲ ಬರುವ ಮೊದಲೇ ಪೆನ್ಸಿಲ್ ಹಿಡಿಸಿದರೆ ಅಕ್ಷರಕ್ಕಿಂತ ಮುಂಚೆ ಅಂಜಿಕೆಯೇ ಮೂಡುತ್ತದೆ. ಹಿಟ್ಟು ನಾದುವುದು, ಅವರೆ ಸುಲಿಯುವುದು, ಮಲ್ಲಿಗೆಯ ಮೊಗ್ಗು ಆಯ್ದುಕೊಡುವುದು ಬರವಣಿಗೆಯ ಪೂರ್ವಾಭ್ಯಾಸಗಳೇ ಹೌದು. ಮಠದಲ್ಲಿ ನಾವು ಮೊದಲ ಅಕ್ಷರ ತಿದ್ದಿದ್ದು ಮರಳಿನ ಮೇಲೆ. ತಪ್ಪಾದರೆ ಅಂಗೈಯಿಂದ ಸವರಿದರೆ ಸಾಕು, ಅದರ ಗುರುತು ಉಳಿಯುತ್ತಿರಲಿಲ್ಲ.

ಮರುದಿನ ನೆರೆಮನೆಯ ಅಜ್ಜಿ ಚೆನ್ನೆಮಣೆ ತಂದರು. ತುಳುನಾಡಿನಲ್ಲಿ ಆಟಿ ತಿಂಗಳ ಬಿಡದ ಮಳೆಗೆ ಮನೆಯೊಳಗೆ ಕುಳಿತು ಆಡುವ ಆಟವಿದು. ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಗುಳಿಗೊಂದರಂತೆ ಕಾಯಿ ಬಿಡುತ್ತಾ ಹೋಗುವಾಗ ಕೊನೆಯದು ಎಲ್ಲಿ ಬೀಳುವುದೆಂದು ಮಗು ಮೊದಲೇ ಊಹಿಸಬೇಕು, ತನ್ನ ಸರದಿಗಾಗಿ ಕಾಯಬೇಕು, ಸೋತರೆ ಸಹಿಸಬೇಕು. ಹಿಂದಿನ ದಿನ ಅಂಕಿಗೆ ಅಳುತ್ತಿದ್ದವಳು ಅಜ್ಜಿಯೊಡನೆ “ಒಂಜಿ, ರಡ್ಡ್, ಮೂಜಿ” ಎಂದು ಎಣಿಸತೊಡಗಿದಳು!

ಆಗ ಮಗಳಿಗೆ ಬೇರೊಂದು ಅಳುಕು. ಮನೆಯಲ್ಲಿ ಬಾಗಲಕೋಟೆಯ ಕನ್ನಡ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು, ಮಗು ಗೊಂದಲಕ್ಕೀಡಾಗದೆ? ಹಾಗಾಗುವುದಿಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡಗಳ ನಡುವೆ ಇಲ್ಲಿಯ ಮಕ್ಕಳು ತಲೆಮಾರುಗಳಿಂದ ಬೆಳೆದಿದ್ದಾರೆ. ಹೆತ್ತವರು ತಮ್ಮ ತುಂಬುನುಡಿಯನ್ನು ತೊರೆದು, ತಮಗೇ ಅರೆಬರೆ ಬರುವ ಇಂಗ್ಲಿಷಿನಲ್ಲಿ ಮಗುವನ್ನು ಮಾತಾಡಿಸತೊಡಗಿದರೆ ಮಾತ್ರ ನಷ್ಟ. ಕಥೆ ಹೇಳಿ “ಮುಂದೇನಾಯಿತು ಹೇಳವ್ವಾ” ಎಂದು ಕೇಳಲು ಬೇಕಾದ ಮಾತು ತಾಯಿಯ ನಾಲಿಗೆಯಲ್ಲೇ ಇದೆ.

ಅವಸರಕ್ಕೂ ಕಾರಣವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಆಟದ ಮೂಲಕ ಕಲಿಯುವ ಬುನಾದಿಯ ಹಂತವೆಂದು ಪರಿಗಣಿಸಿದೆ. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ನಮ್ಮ ರಾಜ್ಯ ಸರಕಾರ ಆದೇಶಿಸಿತು. 2025ರಲ್ಲಿ ಪೋಷಕರ ಒತ್ತಾಯಕ್ಕೆ ಮಣಿದು ಆ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಏಳು ತಿಂಗಳು ಮುಂಚೆ ಸೇರಿಸಿ ನಾವು ಗಳಿಸುವುದೇನೋ ನನಗಂತೂ ತಿಳಿಯದು.

ಅಂಕಿಗಿಂತ ಅಗತ್ಯವಾದ ಸಿದ್ಧತೆ ಬೇರೆಯಿದೆ. ಬಯಲಿಗೆ ಹೋಗಬೇಕೆಂದು ಗುರುಗಳಿಗೆ ಹೇಳಲಾರದೆ ಬಟ್ಟೆ ಒದ್ದೆಮಾಡಿಕೊಂಡು ಇಡೀ ದಿನ ಮೂಲೆಯಲ್ಲಿ ಕುಳಿತ ನನ್ನ ಮೊದಲ ದಿನ ಅರವತ್ತು ದಾಟಿದರೂ ಮರೆತಿಲ್ಲ. ಆದ್ದರಿಂದ ಮೊಮ್ಮಗಳಿಗೆ ನಾನು ಕಲಿಸಿ ಬಂದದ್ದು ಮೂರೇ: ಬುತ್ತಿಯ ಡಬ್ಬಿ ತೆರೆಯುವುದು, ನೀರು ಕೇಳುವುದು, “ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ” ಎನ್ನುವುದು. ಮೂರನೆಯದನ್ನು ಅವಳು ಮೊದಲು ಪ್ರಯೋಗಿಸಿದ್ದು ತನ್ನ ತಂದೆಯ ಮೇಲೆ.