ದಿನಕ್ಕೊಂದು ಹಾಳೆ

ಊರು ಬಿಟ್ಟು ಬಂದ ನಮಗೆಲ್ಲ ಪರೀಕ್ಷೆ ಪಾಸು ಮಾಡುವ ಕನಸುಂಟು. ಆದರೂ ನಮ್ಮಲ್ಲಿ ಕೆಲವರು ಪುಸ್ತಕದ ಗಾತ್ರಕ್ಕೇ ಹೆದರಿ ರಾತ್ರಿಶಾಲೆಯನ್ನು ಅರ್ಧಕ್ಕೆ ಬಿಟ್ಟೆವು.

ನಮ್ಮ ಫೋರ್ಟಿನಲ್ಲೇ ಯೆಹೂದ್ಯರು 1884ರಲ್ಲಿ ಕಟ್ಟಿದ ಪ್ರಾರ್ಥನಾಮಂದಿರವಿದೆ. ಆ ಧರ್ಮದವರಿಂದ ಕಲಿಯುವ ಪಾಠವೊಂದುಂಟು. ಅವರ ತಾಲ್ಮುದ್ ಗ್ರಂಥ ಈಗಿನ ಎಣಿಕೆಯಂತೆ 2,711 ಹಾಳೆಗಳದು. ದಿನಕ್ಕೆ ಒಂದೇ ಹಾಳೆ, ಎಲ್ಲ ದೇಶಗಳಲ್ಲೂ ಅದೇ ಹಾಳೆ ಓದುವ ಕ್ರಮವನ್ನು 1923ರಲ್ಲಿ ಮೇಯರ್ ಶಪಿರೊ ಎಂಬ ಧರ್ಮಗುರುಗಳು ಸೂಚಿಸಿದರು. ಹೀಗೆ ಓದಿದರೆ ಸುಮಾರು ಏಳೂವರೆ ವರ್ಷಕ್ಕೆ ಗ್ರಂಥ ಮುಗಿಯುತ್ತದೆ. ಒಂದು ದಿನ ತಪ್ಪಿದವನೂ ಮರುದಿನ ಉಳಿದವರೊಡನೆ ಕೂಡಿಕೊಳ್ಳಬಹುದು.

ಗುಟ್ಟು ಇಷ್ಟೇ: ಕನಸನ್ನು ದಿನದ ಪಾಲಾಗಿ ಹಂಚಬೇಕು, ಜೊತೆಗೊಬ್ಬರು ಬೇಕು. ಬಂಧುಗಳೇ, ಇಂದು ಸಂಜೆ ವಾಚನಾಲಯದ ಮೇಜಿಗೆ ಗೆಳೆಯನೊಬ್ಬನನ್ನು ಕರೆತನ್ನಿ. ಇಬ್ಬರೂ ಒಂದೇ ಪಾಠದ ಒಂದೇ ಹಾಳೆ ಓದಿ ಏಳಿ. ನಾವೂ ಬಿಟ್ಟ ಪುಸ್ತಕವನ್ನು ಮತ್ತೆ ತೆರೆದಿದ್ದೇವೆ.