ತೆರೆ ಏಳುವ ಮುನ್ನ

ವಾರ್ಷಿಕೋತ್ಸವದ ನಾಟಕದಲ್ಲಿ ಒಮ್ಮೆಯಾದರೂ ಬಣ್ಣ ಹಚ್ಚಿದವರಿಗೆ ತಾಲೀಮಿನ ಕಡೆಯ ವಾರದ ಪಾಡು ತಿಳಿದೇ ಇದೆ. ಮಾತೆಲ್ಲ ಬಾಯಿಗೆ ಬಂದಿರುತ್ತದೆ. ದೀಪದ ಎದುರು ನಿಂತೊಡನೆ ಕೈಕಾಲು ನಮ್ಮವಲ್ಲ ಎನಿಸುತ್ತದೆ. ಹತ್ತು ಜನರ ನಾಟಕಕ್ಕೇ ಈ ಗತಿಯಾದರೆ, ನಟರು, ಗಾಯಕರು, ನರ್ತಕರು, ವಾದ್ಯವೃಂದ ಎಲ್ಲವೂ ಕೂಡಿದ ಪಾಶ್ಚಾತ್ಯರ ಸಂಗೀತ ನಾಟಕವನ್ನು ನಿರ್ದೇಶಿಸುವವನ ಪಾಡೇನು? ಆ ಕಡೆಯ ವಾರಗಳಲ್ಲಿ ಅವನು ಮಾಡುವ ಕೆಲಸವೇನೆಂಬುದನ್ನು ಒಂದು ಪ್ರಸಿದ್ಧ ನಿದರ್ಶನದಿಂದ ನೋಡೋಣ.

ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಮ್ಮಲ್ಲಿ ಅನೇಕರು ಓದಿರುವ ನಾಟಕ. ಹೂ ಮಾರುವ ಹುಡುಗಿಗೆ ಪ್ರೊಫೆಸರೊಬ್ಬನು ಶಿಷ್ಟರ ಇಂಗ್ಲಿಷ್ ಕಲಿಸುವ ಆ ಕಥೆಯನ್ನು ಆಧರಿಸಿ ಅಮೆರಿಕದಲ್ಲಿ ‘ಮೈ ಫೇರ್ ಲೇಡಿ’ ಸಿದ್ಧವಾಯಿತು. ಮಾತು ಮತ್ತು ಹಾಡು ಅಲನ್ ಜೇ ಲರ್ನರ್ ಅವರದು, ಸಂಗೀತ ಫ್ರೆಡರಿಕ್ ಲೋ ಅವರದು; ನಿರ್ದೇಶಕರು ಮಾಸ್ ಹಾರ್ಟ್. ೧೯೫೬ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತಾಲೀಮು ಆರಂಭವಾಯಿತು. ರಾಜಧಾನಿಯಂತಿದ್ದ ಬ್ರಾಡ್‌ವೇಗೆ ನಾಟಕವನ್ನು ತರುವ ಮುನ್ನ ಬೇರೆ ಊರುಗಳಲ್ಲಿ ಆಡಿ ಪರೀಕ್ಷಿಸುವುದು ಅಲ್ಲಿನ ವಾಡಿಕೆ. ಅದರಂತೆ ಫೆಬ್ರವರಿ ೪ರಂದು ನ್ಯೂ ಹೇವನ್‌ನಲ್ಲಿ ಮೊದಲ ಪ್ರದರ್ಶನ. ಇದ್ದುದು ಒಂದೇ ತಿಂಗಳು.

ನಿರ್ದೇಶಕನ ಮೊದಲ ಕೆಲಸ, ಹಿಂದೆ ಬಿದ್ದವರನ್ನು ಕೈಹಿಡಿದು ಎತ್ತುವುದು. ನಾಯಕಿ ಜೂಲಿ ಆಂಡ್ರ್ಯೂಸ್‌ಗೆ ಆಗ ಇಪ್ಪತ್ತೇ ವರ್ಷ. ಕಂಠ ಅಪೂರ್ವ, ಆದರೆ ಪಾತ್ರ ಅವರ ಹಿಡಿತಕ್ಕೆ ಸಿಕ್ಕಿರಲಿಲ್ಲ. ಹಾರ್ಟ್ ಅವರು ಉಳಿದವರಿಗೆಲ್ಲ ಎರಡು ದಿನ ಬಿಡುವು ಕೊಟ್ಟು, ಆಕೆಯೊಬ್ಬರನ್ನೇ ಕೂರಿಸಿಕೊಂಡು ಒಂದೊಂದು ಮಾತನ್ನೂ ತಿದ್ದಿದರು. ಗದರಿದರು, ಪುಸಲಾಯಿಸಿದರು, ಧೈರ್ಯ ತುಂಬಿದರು. ತಮ್ಮನ್ನು ನಟಿಯಾಗಿಸಿದ್ದು ಆ ಎರಡು ದಿನಗಳೆಂದು ಆಕೆ ಮುಂದೆ ಕೃತಜ್ಞತೆಯಿಂದ ನೆನೆದಿದ್ದಾರೆ.

ಎರಡನೆಯದು ಜೋಡಿಸುವ ಕೆಲಸ. ಅಲ್ಲಿ ಮಾತು, ಹಾಡು, ಕುಣಿತಗಳ ಅಭ್ಯಾಸ ಬೇರೆ ಬೇರೆಯಾಗಿ, ಪಿಯಾನೋ ಒಂದರ ಜೊತೆಗೇ ನಡೆದಿರುತ್ತದೆ. ಪೂರ್ಣ ವಾದ್ಯವೃಂದ, ರಂಗಸಜ್ಜಿಕೆ, ಬೆಳಕು, ಉಡುಪು ಇವೆಲ್ಲ ಒಟ್ಟುಗೂಡುವುದು ಕಡೆಯ ಕೆಲವೇ ದಿನಗಳಲ್ಲಿ. ನಾಯಕ ರೆಕ್ಸ್ ಹ್ಯಾರಿಸನ್ ಗಾಯಕರಲ್ಲ. ಹಾಡನ್ನು ಮಾತಿನಂತೆಯೇ ನುಡಿಯುತ್ತಿದ್ದರು. ಮೂವತ್ತಕ್ಕೂ ಹೆಚ್ಚು ವಾದ್ಯಗಳು ಒಮ್ಮೆಗೇ ಮೊಳಗಿದಾಗ ಅವರಿಗೆ ದಿಕ್ಕೇ ತೋಚದಂತಾಯಿತು. ಪ್ರದರ್ಶನದ ದಿನವೇ ‘ಈ ರಾತ್ರಿ ರಂಗಕ್ಕೆ ಬರಲಾರೆ’ ಎಂದುಬಿಟ್ಟರು! ಹೊರಗೆ ಹಿಮಪಾತ, ಆದರೂ ಪ್ರೇಕ್ಷಕರು ಬರತೊಡಗಿದ್ದರು. ಕಡೆಗಳಿಗೆಯಲ್ಲಿ ಹ್ಯಾರಿಸನ್ ಒಪ್ಪಿದರು, ಚದುರಿಹೋಗಿದ್ದ ತಂಡವನ್ನು ಹುಡುಕಿ ಕರೆತಂದದ್ದಾಯಿತು, ತೆರೆ ಎದ್ದಿತು. ಸಭೆ ಮೆಚ್ಚಿತು.

ಮೂರನೆಯದೂ ಅತಿ ಕಠಿಣವಾದದ್ದೂ ಕತ್ತರಿಯ ಕೆಲಸ. ನಾಟಕ ಮೆಚ್ಚುಗೆ ಗಳಿಸಿದರೂ ಬಹಳ ಉದ್ದವಾಗಿತ್ತು. ಮೊದಲ ಭಾಗದಿಂದ ನಾಯಕನ ಒಂದು ಹಾಡು, ನಾಯಕಿಯ ಒಂದು ಹಾಡು, ಇಡೀ ಒಂದು ನೃತ್ಯಪ್ರಸಂಗ ಹೊರಬಿದ್ದವು. ಅವುಗಳ ಜಾಗವನ್ನು ಒಂದು ಚಿಕ್ಕ ದೃಶ್ಯ ತುಂಬಿತು. ಅವು ಕೆಟ್ಟವಾಗಿದ್ದುವೆಂದಲ್ಲ, ನಾಯಕಿಯ ಹಾಡು ೧೯೫೮ರಲ್ಲಿ ‘ಜೀಜೀ’ ಎಂಬ ಚಲನಚಿತ್ರದಲ್ಲಿ ಸೇರಿ ಸಾರ್ಥಕವಾಯಿತು. ಚೆನ್ನಾಗಿದ್ದರೂ ಕಥೆಯ ಓಟಕ್ಕೆ ಅಡ್ಡ ನಿಂತದ್ದನ್ನು ತೆಗೆಯಬೇಕು. ವಾರಗಟ್ಟಲೆ ಬೆವರು ಸುರಿಸಿ ಕುಣಿದವರಿಗೆ ಅದನ್ನು ಹೇಳಲೂ ಬೇಕು.

ಫಿಲಡೆಲ್ಫಿಯಾದಲ್ಲಿ ಇನ್ನಷ್ಟು ಹದಗೊಂಡ ನಾಟಕ ಮಾರ್ಚ್ ೧೫ರಂದು ಬ್ರಾಡ್‌ವೇಗೆ ಬಂದು, ೧೯೬೨ರವರೆಗೆ ೨,೭೧೭ ಪ್ರದರ್ಶನಗಳನ್ನು ಕಂಡಿತು. ಅಲ್ಲಿನ ಸಂಗೀತ ನಾಟಕಗಳಲ್ಲಿ ಅದು ಅಂದಿನ ದಾಖಲೆ.

ನಮ್ಮ ಕಾಲೇಜು ನಾಟಕಗಳಲ್ಲಿ ಮೊದಲೆರಡು ಕೆಲಸಗಳು ಹೇಗೋ ನಡೆಯುತ್ತವೆ. ಮೂರನೆಯದು ಮಾತ್ರ ನಡೆಯದು. ಗೆಳೆಯನ ಹಾಡು ಬಿಟ್ಟರೆ ಅವನು ಮುನಿದಾನೆಂಬ ದಾಕ್ಷಿಣ್ಯ. ಅದರ ಫಲವಾಗಿ ನಾಟಕ ಮುಗಿಯುವಷ್ಟರಲ್ಲಿ ನೋಡುವವರಿಗೆ ಆಕಳಿಕೆ. ಮುಂದಿನ ವರ್ಷ ನಿರ್ದೇಶನದ ಹೊಣೆ ಹೊರುವ ಮಿತ್ರರು ಈ ದಾಕ್ಷಿಣ್ಯವನ್ನು ತೊರೆದಾರೇ? ಹಾಡು ಕಳೆದುಕೊಳ್ಳುವ ಗೆಳೆಯರು ನಾಟಕಕ್ಕಾಗಿ ಅದನ್ನು ನಗುನಗುತ್ತ ಬಿಟ್ಟುಕೊಟ್ಟಾರೇ?