ಬೊಕ್ಕಸದ ಕಾವಲು

ಅಂಗಡಿಯಲ್ಲಿ ಒಂದು ಸಾಬೂನನ್ನು ಕೊಳ್ಳುವ ಕೂಲಿಕಾರನೂ ಅದರ ಬೆಲೆಯೊಡನೆ ಸರ್ಕಾರಕ್ಕೆ ತೆರಿಗೆಯನ್ನು ಸಲ್ಲಿಸುತ್ತಾನೆ. ಹನಿ ಹನಿ ಕೂಡಿ ಹಳ್ಳವಾಗುವಂತೆ ಕೋಟ್ಯಂತರ ಜನರು ಸಲ್ಲಿಸುವ ಇಂಥ ಸಣ್ಣ ಸಣ್ಣ ಮೊತ್ತಗಳಿಂದಲೇ ಸರ್ಕಾರದ ಬೊಕ್ಕಸ ತುಂಬುತ್ತದೆ. ಆ ಹಣ ಶಾಲೆಯಾಗಿ, ಆಸ್ಪತ್ರೆಯಾಗಿ, ರಸ್ತೆಯಾಗಿ, ಕುಡಿಯುವ ನೀರಾಗಿ ಮತ್ತೆ ಜನರ ಬಳಿಗೆ ಹಿಂದಿರುಗಬೇಕು. ತನ್ನ ಹಣವನ್ನು ವೆಚ್ಚಮಾಡುವವನು ತನಗೆ ತಾನೇ ಲೆಕ್ಕ ಒಪ್ಪಿಸಿಕೊಂಡರೆ ಸಾಕು. ಪರರ ಹಣವನ್ನು ವೆಚ್ಚಮಾಡುವವನು ಪರರಿಗೆ ಲೆಕ್ಕ ಒಪ್ಪಿಸಲೇಬೇಕು. ಆದರೆ ಹಣ ಕೊಟ್ಟವನು ಹೊಲದಲ್ಲೋ ಕಾರ್ಖಾನೆಯಲ್ಲೋ ದುಡಿಯುತ್ತಿರುತ್ತಾನೆ; ವೆಚ್ಚಮಾಡುವವನು ದೂರದ ಕಚೇರಿಯಲ್ಲಿರುತ್ತಾನೆ. ಇವರಿಬ್ಬರ ನಡುವೆ ನಿಂತು, ಕೊಟ್ಟವನ ಪರವಾಗಿ ‘ಹಣ ಏನಾಯಿತು?’ ಎಂದು ಕೇಳುವ ವ್ಯವಸ್ಥೆಯೇ ಲೆಕ್ಕಪರಿಶೋಧನೆ.

ಈ ವ್ಯವಸ್ಥೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳು ರಾಜನ ಹಣವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಲಾಗಿದೆ. ಆಷಾಢಮಾಸದಲ್ಲಿ ಲೆಕ್ಕಾಧಿಕಾರಿಗಳು ಮುದ್ರೆಯೊತ್ತಿದ ಪುಸ್ತಕಗಳೊಡನೆ ಬರಬೇಕೆಂದೂ, ಬಂದವರು ಪರಸ್ಪರ ಮಾತನಾಡದಂತೆ ನೋಡಿಕೊಳ್ಳಬೇಕೆಂದೂ ಅಲ್ಲಿ ವಿಧಿಸಿದೆ. ಆದರೆ ಅಂದು ಲೆಕ್ಕ ಕೇಳುತ್ತಿದ್ದವನು ರಾಜ. ರಾಜನನ್ನೇ ಲೆಕ್ಕ ಕೇಳುವವರು ಯಾರೂ ಇರಲಿಲ್ಲ. ಪ್ರಜಾಪ್ರಭುತ್ವದಲ್ಲಿ ಆಳುವವರೇ ಲೆಕ್ಕ ಒಪ್ಪಿಸಬೇಕಾದವರು. ಆದುದರಿಂದ ಲೆಕ್ಕ ಕೇಳುವವನು ಅವರ ಹಂಗಿನಲ್ಲಿರಬಾರದು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆಯ ಹಿಂದಿರುವ ಆತಂಕವೂ ಇದೇ.

ಭಾರತದ ಸಂವಿಧಾನವನ್ನು ರಚಿಸಿದವರು ಇದನ್ನು ಚೆನ್ನಾಗಿ ಅರಿತಿದ್ದರು. ಸಂವಿಧಾನದ 148ರಿಂದ 151ರವರೆಗಿನ ಅನುಚ್ಛೇದಗಳು ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ ಹುದ್ದೆಯನ್ನು ಕುರಿತವು. ಸಂವಿಧಾನದಲ್ಲಿ ಹೇಳಿರುವ ಅಧಿಕಾರಿಗಳಲ್ಲೆಲ್ಲ ಬಹುಶಃ ಇವರೇ ಅತ್ಯಂತ ಮುಖ್ಯರು ಎಂಬ ಅಭಿಪ್ರಾಯವನ್ನು ಡಾ. ಬಿ. ಆರ್. ಅಂಬೇಡ್ಕರ್ ಅವರು 1949ರಲ್ಲಿ ಸಂವಿಧಾನ ಸಭೆಯಲ್ಲಿ ವ್ಯಕ್ತಪಡಿಸಿದರು. ಇವರನ್ನು ನೇಮಿಸುವವರು ರಾಷ್ಟ್ರಪತಿಗಳು. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ತೆಗೆದುಹಾಕುವ ಕಠಿಣ ಕ್ರಮದಿಂದಲ್ಲದೆ ಇವರನ್ನು ಹುದ್ದೆಯಿಂದ ಇಳಿಸುವಂತಿಲ್ಲ. ಅಧಿಕಾರದಲ್ಲಿರುವಾಗ ಇವರ ವೇತನವನ್ನು ಕಡಿಮೆಮಾಡುವಂತಿಲ್ಲ. ನಿವೃತ್ತರಾದ ಮೇಲೆ ಇವರು ಕೇಂದ್ರ ಸರ್ಕಾರದಲ್ಲಾಗಲಿ ರಾಜ್ಯ ಸರ್ಕಾರಗಳಲ್ಲಾಗಲಿ ಬೇರೆ ಹುದ್ದೆಯನ್ನು ಪಡೆಯುವಂತಿಲ್ಲ. ಹೀಗೆ ಭಯ ಮತ್ತು ಆಸೆ ಎಂಬ ಎರಡು ಬಾಗಿಲುಗಳನ್ನೂ ಸಂವಿಧಾನ ಮುಚ್ಚಿದೆ. ಸತ್ಯವನ್ನು ಹೇಳಬೇಕಾದವನು ಇವೆರಡರಿಂದಲೂ ದೂರವಿರಬೇಕಲ್ಲವೆ?

ಆದರೆ ಸ್ವಾತಂತ್ರ್ಯವೊಂದೇ ಸಾಲದು. ಅದರೊಡನೆ ಯೋಜನೆಯೂ ಬೇಕು. ಕೇಂದ್ರ ಮತ್ತು ರಾಜ್ಯಗಳ ಕಚೇರಿಗಳು ಅಸಂಖ್ಯಾತ. ಒಂದೊಂದರಲ್ಲಿಯೂ ಕಡತಗಳ ರಾಶಿ. ಪರಿಶೋಧಕರಾದರೋ ಪರಿಮಿತ. ಪ್ರತಿಯೊಂದು ರಸೀದಿಯನ್ನೂ ನೋಡಲು ಹೊರಟರೆ ಒಂದು ವರ್ಷದ ಲೆಕ್ಕ ಮುಗಿಯುವ ಹೊತ್ತಿಗೆ ಹತ್ತು ವರ್ಷ ಕಳೆದಿರುತ್ತದೆ. ಆದ್ದರಿಂದ ಯಾವುದನ್ನು ನೋಡಬೇಕು, ಏನನ್ನು ಕೇಳಬೇಕು, ಎಲ್ಲಿ ನೋಡಬೇಕು ಎಂಬ ಮೂರು ನಿರ್ಧಾರಗಳನ್ನು ಮೊದಲೇ ಮಾಡಿಕೊಳ್ಳಬೇಕಾಗುತ್ತದೆ. ಲೆಕ್ಕದ ಪುಸ್ತಕವನ್ನು ತೆರೆಯುವ ಮುನ್ನವೇ ಪರಿಶೋಧನೆಯ ಅರ್ಧ ಬೆಲೆ ನಿಶ್ಚಯವಾಗಿರುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಮೊದಲನೆಯದು, ಯಾವುದನ್ನು ನೋಡಬೇಕೆಂಬುದು. ಹೆಚ್ಚು ಹಣ ಹರಿಯುವ ಕಡೆ, ಬಹಳ ಜನರ ಬದುಕು ಅವಲಂಬಿಸಿರುವ ಕಡೆ, ಹಿಂದಿನ ವರದಿಗಳಲ್ಲಿ ದೋಷ ಕಂಡ ಕಡೆ, ಬಹುಕಾಲ ಯಾರೂ ಪರೀಕ್ಷಿಸದ ಕಡೆ ಅಪಾಯ ಅಧಿಕ. ಇವನ್ನೆಲ್ಲ ತೂಗಿನೋಡಿ ಪರಿಶೋಧಕರು ವರ್ಷದ ಯೋಜನೆಯನ್ನು ಸಿದ್ಧಪಡಿಸುತ್ತಾರೆ. ಈ ಆಯ್ಕೆ ಅವರದೇ ಆಗಿರಬೇಕು. ಪರೀಕ್ಷೆಗೆ ಕುಳಿತವನೇ ಪ್ರಶ್ನೆಗಳನ್ನು ಆರಿಸಿಕೊಂಡರೆ ಪರೀಕ್ಷೆಗೆ ಅರ್ಥವುಂಟೆ?

ಎರಡನೆಯದು, ಏನನ್ನು ಕೇಳಬೇಕೆಂಬುದು. ಒಂದು ಜಿಲ್ಲೆಯ ಕುಡಿಯುವ ನೀರಿನ ಯೋಜನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಜಮಾಖರ್ಚು ಸರಿಯಾಗಿದೆಯೇ ಎಂಬುದು ಒಂದು ಪ್ರಶ್ನೆ. ಟೆಂಡರು ಮುಂತಾದ ನಿಯಮಗಳನ್ನು ಪಾಲಿಸಲಾಗಿದೆಯೇ ಎಂಬುದು ಇನ್ನೊಂದು. ಇವೆರಡೂ ಸರಿಯಾಗಿದ್ದು ನಲ್ಲಿಯಲ್ಲಿ ನೀರು ಬಾರದೆ ಹೋಗಬಹುದು! ಆದ್ದರಿಂದ ಉದ್ದೇಶ ಈಡೇರಿತೆ, ಅದಕ್ಕಾಗಿ ತೆತ್ತ ಬೆಲೆ ಹಿತಮಿತವಾಗಿತ್ತೆ ಎಂಬುದು ಮೂರನೆಯ ಪ್ರಶ್ನೆ. ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವ ಕೋಲಾರ, ತುಮಕೂರು ಜಿಲ್ಲೆಗಳ ಹಳ್ಳಿಗಳಲ್ಲಿ ನೀರು ಬಂದರೂ ಸಾಲದು. ಅದು ಕುಡಿಯಲು ಯೋಗ್ಯವೆ ಎಂದೂ ಕೇಳಬೇಕು. ತಲಾ ಎಷ್ಟು ಲೀಟರ್ ಬರಬೇಕಾಗಿತ್ತು, ಯಾವ ದಿನಾಂಕದೊಳಗೆ ಬರಬೇಕಾಗಿತ್ತು ಎಂಬ ಅಳತೆಗೋಲನ್ನು ಮೊದಲೇ ಗೊತ್ತುಮಾಡಿ ಇಲಾಖೆಗೂ ತಿಳಿಸಲಾಗುತ್ತದೆ. ಆಟ ಮುಗಿದ ಮೇಲೆ ನಿಯಮ ಹೇಳುವುದು ನ್ಯಾಯವಲ್ಲ.

ಮೂರನೆಯದು, ಎಲ್ಲಿ ನೋಡಬೇಕೆಂಬುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯೊಳಗೆ ಬೆಂಕಿಯ ಕಾವು ಎಲ್ಲೆಡೆಗೂ ತಾಕಿರುತ್ತದೆ. ಹಳ್ಳಿಗಳು ಹಾಗಲ್ಲ. ತಾಲ್ಲೂಕು ಕೇಂದ್ರದ ಮಗ್ಗುಲಿನ ಊರಿಗೂ ಕಾಡಂಚಿನ ಹಾಡಿಗೂ ಅಂತರವುಂಟು. ಆದುದರಿಂದ ಹಳ್ಳಿಗಳನ್ನು ಅವುಗಳ ಸ್ಥಿತಿಗತಿಗೆ ಅನುಸಾರವಾಗಿ ಗುಂಪು ಮಾಡಿ, ಪ್ರತಿ ಗುಂಪಿನಿಂದಲೂ ಚೀಟಿ ಎತ್ತಿದಂತೆ ಕೆಲವನ್ನು ಆರಿಸುತ್ತಾರೆ. ಹೀಗೆ ಆರಿಸಿದಾಗ ಅಧಿಕಾರಿಗಳು ತಮಗೆ ಅನುಕೂಲವಾದ ಊರನ್ನಷ್ಟೇ ತೋರಿಸಲಾರರು. ಪರಿಶೋಧಕರು ತಮಗೆ ಬೇಕಾದ ದೋಷವನ್ನಷ್ಟೇ ಹುಡುಕಲಾರರು. ಪಕ್ಷಪಾತಕ್ಕೆ ಎರಡೂ ಕಡೆ ತಡೆಯುಂಟಾಗುತ್ತದೆ.

ಆಮೇಲೆ ಕಡತ ಮತ್ತು ಕಣ್ಣು ಒಟ್ಟಿಗೆ ಕೆಲಸಮಾಡುತ್ತವೆ. ಪುಸ್ತಕದಲ್ಲಿರುವ ನೀರಿನ ತೊಟ್ಟಿ ಊರಿನಲ್ಲಿಯೂ ಇದೆಯೇ ಎಂದು ಇಲಾಖೆಯ ಸಿಬ್ಬಂದಿಯ ಸಮಕ್ಷಮದಲ್ಲಿಯೇ ಪರೀಕ್ಷಿಸಲಾಗುತ್ತದೆ. ಕಂಡುಬಂದ ಕೊರತೆಯನ್ನು ಬರೆದುಕೊಟ್ಟು ಇಲಾಖೆಯ ಉತ್ತರವನ್ನು ಕೇಳಲಾಗುತ್ತದೆ. ಉತ್ತರ ಸಮರ್ಪಕವಾಗಿದ್ದರೆ ಆಕ್ಷೇಪಣೆಯನ್ನು ಕೈಬಿಡುವುದೂ ಉಂಟು. ಪರಿಶೋಧನೆಯಿಂದ ಅಪ್ರಾಮಾಣಿಕನು ಹೊರಬೀಳುವಂತೆ ಪ್ರಾಮಾಣಿಕನಾದ ಅಧಿಕಾರಿಯು ಸುಳ್ಳು ಅಪವಾದದಿಂದ ಪಾರಾಗುತ್ತಾನೆ.

ಇಂಥ ಶ್ರಮದ ಫಲವೇನೆಂಬುದನ್ನು ರಾಷ್ಟ್ರೀಯ ಗ್ರಾಮೀಣ ಕುಡಿಯುವ ನೀರಿನ ಕಾರ್ಯಕ್ರಮವನ್ನು ಕುರಿತು 2018ರಲ್ಲಿ ಸಂಸತ್ತಿನ ಮುಂದೆ ಬಂದ ವರದಿಯಲ್ಲಿ ಕಾಣಬಹುದು. 2012ರಿಂದ 2017ರವರೆಗೆ ಆ ಕಾರ್ಯಕ್ರಮಕ್ಕಾಗಿ 81,168 ಕೋಟಿ ರೂಪಾಯಿ ವೆಚ್ಚವಾಗಿತ್ತು. 2017ರ ವೇಳೆಗೆ ಗ್ರಾಮೀಣ ಜನರಲ್ಲಿ ಶೇಕಡ 50 ಮಂದಿಗೆ ಕೊಳಾಯಿಯ ಮೂಲಕ ದಿನಕ್ಕೆ ತಲಾ 55 ಲೀಟರ್ ನೀರು ದೊರೆಯಬೇಕಾಗಿತ್ತು. ಶೇಕಡ 35 ಮನೆಗಳಿಗೆ ನಲ್ಲಿ ಬರಬೇಕಾಗಿತ್ತು. ಸಾಧ್ಯವಾದದ್ದು ಕ್ರಮವಾಗಿ ಶೇಕಡ 18 ಮತ್ತು 17 ಮಾತ್ರ. ಅರ್ಧಕ್ಕೇ ನಿಂತ, ಕೈಬಿಟ್ಟ, ನಡೆಯದೆ ಬಿದ್ದಿದ್ದ ಕಾಮಗಾರಿಗಳನ್ನು ವರದಿ ಎತ್ತಿ ತೋರಿಸಿತು. ಈ ಅಂಕಿಗಳ ಹಿಂದೆ ಕೊಡ ಹೊತ್ತು ದೂರದ ಬಾವಿಗೆ ನಡೆದ ಹೆಣ್ಣುಮಕ್ಕಳ ದಣಿವು ಅಡಗಿದೆ ಎಂಬುದನ್ನು ಮರೆಯಬಾರದು.

ಪರಿಶೋಧಕರಿಗೆ ದಂಡಿಸುವ ಅಧಿಕಾರವಿಲ್ಲ. ಕೇಂದ್ರದ ವರದಿ ರಾಷ್ಟ್ರಪತಿಗಳ ಮೂಲಕ ಸಂಸತ್ತಿಗೂ, ರಾಜ್ಯದ ವರದಿ ರಾಜ್ಯಪಾಲರ ಮೂಲಕ ವಿಧಾನಮಂಡಲಕ್ಕೂ ಹೋಗುತ್ತದೆ. ಅಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಪರಿಶೀಲಿಸುತ್ತದೆ. ಸಂಸತ್ತಿನ ಈ ಸಮಿತಿಯಲ್ಲಿ 22 ಸದಸ್ಯರಿದ್ದಾರೆ. ಮಂತ್ರಿಗಳು ಇದರ ಸದಸ್ಯರಾಗುವಂತಿಲ್ಲ. ವಿರೋಧಪಕ್ಷದವರೊಬ್ಬರು ಇದರ ಅಧ್ಯಕ್ಷರಾಗುವ ಸಂಪ್ರದಾಯ 1967ರಿಂದ ನಡೆದುಬಂದಿದೆ. ಆದರೂ ವರದಿಯನ್ನು ಓದುವವರಿಲ್ಲದಿದ್ದರೆ, ಚರ್ಚೆ ವರ್ಷಗಟ್ಟಲೆ ಮುಂದೆ ಹೋದರೆ, ಎಷ್ಟೇ ಒಳ್ಳೆಯ ಪರಿಶೋಧನೆಯೂ ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಆದ್ದರಿಂದ ಜನರೂ ಲೆಕ್ಕ ಕೇಳುವುದನ್ನು ಕಲಿಯಬೇಕು. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಸ್ಥೆಯು ಬಹಿರಂಗ ವಿಚಾರಣೆಯೊಂದನ್ನು ನಡೆಸಿತು. ಸರ್ಕಾರಿ ಕಾಮಗಾರಿಗಳ ದಾಖಲೆಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಯಾರು ದುಡಿದರು, ಯಾರು ದುಡಿಯಲಿಲ್ಲ ಎಂಬುದು ಊರವರಿಗೆ ತಿಳಿಯದ ಸಂಗತಿಯೆ? ಕಾಗದದ ಸುಳ್ಳು ಅಲ್ಲಿ ನಿಲ್ಲಲಿಲ್ಲ. ಇಂಥ ಹೋರಾಟಗಳು ಬಲಿತು 2005ರಲ್ಲಿ ಮಾಹಿತಿ ಹಕ್ಕಿನ ಕಾಯಿದೆ ಬಂದಿತು. ಅದೇ ವರ್ಷದ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ವಹಿಸಿತು. ಕೆಲಸವನ್ನು ನಡೆಸಿದವರು ಆ ಪರಿಶೋಧನೆಯಲ್ಲಿ ಕೈಹಾಕಕೂಡದೆಂದು 2011ರ ನಿಯಮಗಳು ವಿಧಿಸಿದವು. ರಾಷ್ಟ್ರದ ಬೊಕ್ಕಸಕ್ಕೆ ಅನ್ವಯಿಸುವ ತತ್ತ್ವವೇ ಹಳ್ಳಿಯ ಕೆರೆಯ ಕೆಲಸಕ್ಕೂ ಅನ್ವಯಿಸಿತು.

ಲೆಕ್ಕ ಕೇಳುವುದು ಜಗಳವಲ್ಲ, ಅಪನಂಬಿಕೆಯೂ ಅಲ್ಲ. ಅದು ಪ್ರಜೆಯ ಹಕ್ಕು. ಲೆಕ್ಕ ಒಪ್ಪಿಸುವುದು ಅವಮಾನವಲ್ಲ. ಅದು ಅಧಿಕಾರದ ಧರ್ಮ. ಕೇಳುವವನು ಯಾರ ಹಂಗಿಗೂ ಸಿಲುಕದೆ, ಏನನ್ನು ಕೇಳಬೇಕೆಂಬುದನ್ನು ಮುಂಚಿತವಾಗಿ ಯೋಚಿಸಿ ಕೇಳುವ ನಾಡಿನಲ್ಲಿ ಕೂಲಿಕಾರನು ತೆತ್ತ ಒಂದು ರೂಪಾಯಿಗೂ ಬೆಲೆಯಿರುತ್ತದೆ.